ಬಾರೋ ಅಂದರೆ ಓಡಿ ಬರಬೇಕು

ನಮ್ಮ ಹಿತ್ತಲಿಗೂ ಪಕ್ಕದವರ ಹಿತ್ತಲಿಗೂ ನಡುವೆ ಮರದ ಹಲಗೆಯ ಬೇಲಿಯಿದೆ. ಎದೆಮಟ್ಟಕ್ಕಿಂತ ಒಂದು ಗೇಣು ಎತ್ತರ. ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನಲ್ಲಿ ಇಂಥ ಬೇಲಿಗಳಿಗೆ ಲೆಕ್ಕವಿಲ್ಲ. ಜೂನ್ ಬಂತೆಂದರೆ ಅವುಗಳ ಮೇಲೆ ಹೀರೆಬಳ್ಳಿ ಹತ್ತುತ್ತದೆ, ಸೋರೆಬಳ್ಳಿ ಹತ್ತುತ್ತದೆ, ಬೇಲಿಯ ಬುಡದಲ್ಲಿ ಮೆಂತ್ಯ ಏಳುತ್ತದೆ. ಹಿಮ ಕರಗಿ ಮತ್ತೆ ಹಿಮ ಬೀಳುವ ತನಕ ನಮ್ಮ ಮಾತುಕತೆಯೆಲ್ಲ ಈ ಬೇಲಿಯ ಮೇಲೇ.

ಆಚೆ ಕಡೆ ಇರುವವರು ಮೇಷ್ಟ್ರು. ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಏಳಕ್ಕೆ ಹೊರಟರೆ ಮನೆಯಲ್ಲಿ ಉಳಿಯುವುದು ಇವರು ಮತ್ತು ಒಂದು ನಾಯಿ. ಮೊಮ್ಮಕ್ಕಳು ಅದಕ್ಕೆ ಮ್ಯಾಕ್ಸ್ ಅಂತ ಹೆಸರಿಟ್ಟಿದ್ದಾರೆ. ಮೇಷ್ಟ್ರು ಬಂದ ಮೂರನೆಯ ದಿನವೇ ಅದನ್ನು ಗುಂಡ ಮಾಡಿದರು. ಲ್ಯಾಬ್ರಡಾರಿನ ಬೆರಕೆ, ಹಳದಿ ಮೈ, ಎರಡು ವರ್ಷದ ಹುಡುಗ.

ಹೋದ ಮೇ ತಿಂಗಳ ಒಂದು ಬೆಳಿಗ್ಗೆ ಅವರ ಮನೆಯ ಗೇಟು ಯಾರೋ ಹಾಕದೆ ಬಿಟ್ಟಿದ್ದರು. ಗುಂಡ ರಸ್ತೆಗೆ ಓಡಿದ. ಮೇಷ್ಟ್ರಿಗೆ ಮಂಡಿ ಆಪರೇಷನ್ ಆಗಿದೆ, ಓಡುವಂತಿಲ್ಲ. ಫುಟ್‌ಪಾತಿನ ಮೇಲೆ ನಿಂತು, ಮೈದಾನದ ಆ ತುದಿಗೆ ಕೇಳುವಂತೆ ಕೂಗಿ ಅಭ್ಯಾಸವಿದ್ದ ಅದೇ ಗಂಟಲಿನಲ್ಲಿ ಕೂಗುತ್ತಿದ್ದಾರೆ. ಅವರು ಕೂಗಿದಷ್ಟೂ ಗುಂಡ ದೂರ ಹೋಗುತ್ತಾನೆ, ನಿಲ್ಲುತ್ತಾನೆ, ತಿರುಗಿ ನೋಡುತ್ತಾನೆ, ಮತ್ತೆ ಓಡುತ್ತಾನೆ. ಕಸದ ಲಾರಿ ಬರುವ ಹೊತ್ತು ಅದು. ನಾನು ಬಾಗಿಲು ತೆಗೆದು ಆಚೆ ಬಂದು, ಅವನ ಕಡೆಗೆ ಹೋಗದೆ, ಅವನಿಗೆ ಬೆನ್ನು ಹಾಕಿ ನಮ್ಮ ಮನೆಯ ಕಡೆಗೇ ಓಡಿದೆ, ಕೈ ತಟ್ಟುತ್ತಾ, ಸಣ್ಣ ದನಿಯಲ್ಲಿ ಗುಂಡಾ ಗುಂಡಾ ಅನ್ನುತ್ತಾ. ಎಣಿಸಿ ಹತ್ತು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಅವನು ನನ್ನನ್ನೂ ದಾಟಿ ಮುಂದೆ ಬಂದಿದ್ದ.

ಅವತ್ತು ಸಂಜೆ ಮೇಷ್ಟ್ರು ಬೇಲಿಗೆ ಬಂದರು. ಮುಖ ಇನ್ನೂ ಸಪ್ಪೆಯಾಗಿತ್ತು.

“ಅಲ್ಲ ಮಾರಾಯ್ತಿ, ನಾನು ಕೂಗಿದ್ರೆ ಐನೂರು ಹುಡುಗ್ರು ನಿಲ್ತಿದ್ರು. ಈ ಒಂದು ನಾಯಿ ಬರೂದಿಲ್ಲ ಅಂದ್ರೆ ಎಂತ ಹೇಳೂದು? ನೀನು ಓಡಿ ಹೋದ್ರೆ ಅದು ನಿನ್ನ ಹಿಂದೆ ಬಂತಲ್ಲ, ಅದ್ಯಾವ ವಿದ್ಯೆ?”

“ವಿದ್ಯೆ ಅಲ್ಲ ಮೇಷ್ಟ್ರೇ, ಆಟ. ನಮ್ಮ ಕೆಂಚ ಆಡ್ತಾನಲ್ಲ, ಅದೇ ಆಟದ ಮೊದಲನೇ ಪಾಠ ಅದು.”

ನನ್ನ ನಾಯಿ ಕೆಂಚನನ್ನು ನಾನು ಭಾನುವಾರ ಕಾರಿನಲ್ಲಿ ಎಲ್ಲಿಗೋ ಕರೆದುಕೊಂಡು ಹೋಗುವುದು ಅವರಿಗೆ ಗೊತ್ತಿತ್ತು. ಎಲ್ಲಿಗೆ, ಯಾಕೆ ಅಂತ ಕೇಳಿರಲಿಲ್ಲ. ಅವತ್ತು ಕೇಳಿದರು. ಫ್ಲೈಬಾಲ್ ಅಂದೆ. ಹೆಸರು ಕೇಳಿ ವಾಲಿಬಾಲ್, ಥ್ರೋಬಾಲ್ ಥರ ನಾಯಿಗೊಂದು ಬಾಲ್ ಇರಬೇಕು ಅಂದುಕೊಂಡರು. “ಅಲ್ಲ ಮೇಷ್ಟ್ರೇ, ಇದು ರಿಲೇ” ಅಂದಾಗ ಅವರ ಕಿವಿ ನಿಮಿರಿತು. ರಿಲೇ ಅನ್ನುವ ಮಾತನ್ನು ಡ್ರಿಲ್ ಮೇಷ್ಟ್ರ ಮುಂದೆ ಸುಮ್ಮನೆ ಆಡಬಾರದು. ಪೆನ್ನು ತರುತ್ತೇನೆ ಅಂತ ಒಳಗೆ ಹೋಗಿಯೇಬಿಟ್ಟರು.

ನಾನು ಹೇಳುತ್ತಾ ಹೋದೆ, ಅವರು ಹಾಲಿನ ಚೀಟಿಯ ಹಿಂದೆ ಗೀಟು ಎಳೆಯುತ್ತಾ ಹೋದರು. ಒಂದು ತಂಡಕ್ಕೆ ನಾಲ್ಕು ನಾಯಿ. ಮುಂದೆ ಒಂದು ಗೆರೆ. ಗೆರೆಯಿಂದ 6 ಅಡಿಗೆ ಮೊದಲ ಹರ್ಡಲ್. ಅಲ್ಲಿಂದ 10 ಅಡಿಗೊಂದರಂತೆ ಇನ್ನು ಮೂರು. ಕೊನೆಯ ಹರ್ಡಲಿನಿಂದ 15 ಅಡಿ ಆಚೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮುಖ ಇಳಿಜಾರು, ಅದರ ತೂತಿನಲ್ಲಿ ಟೆನಿಸ್ ಚೆಂಡು. ನಾಯಿ ನಾಲ್ಕು ಹರ್ಡಲ್ ಹಾರಿ ಹೋಗಿ ಆ ಇಳಿಜಾರಿಗೆ ಕಾಲು ಕೊಟ್ಟರೆ ಒಳಗಿನ ಸ್ಪ್ರಿಂಗು ಬಿಚ್ಚಿಕೊಂಡು ಚೆಂಡು ಚಿಮ್ಮುತ್ತದೆ. ಚೆಂಡು ಕಚ್ಚಿಕೊಂಡು ಅದೇ ನಾಲ್ಕು ಹರ್ಡಲ್ ಹಾರಿ ವಾಪಸು ಬರಬೇಕು. ಅದು ಗೆರೆ ಮುಟ್ಟುತ್ತಲೇ ಮುಂದಿನ ನಾಯಿ. ಪಕ್ಕದ ಓಣಿಯಲ್ಲಿ ಎದುರಾಳಿ ತಂಡದ ನಾಲ್ಕು ನಾಯಿಗಳು ಅದೇ ಹೊತ್ತಿಗೆ ಓಡುತ್ತಿರುತ್ತವೆ.

“ಐವತ್ತೊಂದು ಅಡಿ” ಅಂದರು ಮೇಷ್ಟ್ರು ಕೂಡಿಸಿ. “ಹೋಗಿ ಬಂದ್ರೆ ನೂರ ಎರಡು. ನಾಲ್ಕು ನಾಯಿಗೆ ನಾನೂರ ಎಂಟು. ನೂರ ಇಪ್ಪತ್ತನಾಲ್ಕು ಮೀಟರು ಆತು. ಎಷ್ಟು ಹೊತ್ತಲ್ಲಿ ಮುಗಿಸ್ತಾವೆ?”

“ಒಳ್ಳೇ ತಂಡಗಳು ಇಪ್ಪತ್ತು ಸೆಕೆಂಡಿನೊಳಗೆ. ಅತಿ ವೇಗದವು ಹದಿನೈದು ಸೆಕೆಂಡೂ ತಗೊಳ್ಳಲ್ಲ.”

ಅವರು ಪೆನ್ನು ಕೆಳಗಿಟ್ಟರು. ನಾಯಿಯೊಂದು ನಾಲ್ಕು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಎಂಟು ಹರ್ಡಲ್ ಹಾರಿ, ನಡುವೆ ಒಂದು ಚೆಂಡು ಹಿಡಿದು, ಪೂರ್ತಿ ಹಿಂದಕ್ಕೆ ತಿರುಗಿ ಬರುತ್ತದೆ ಅನ್ನುವುದು ಓಟದ ಲೆಕ್ಕ ಬಲ್ಲವರಿಗೇ ಚೆನ್ನಾಗಿ ತಟ್ಟುವ ಮಾತು. ಅವರು ಕೇಳಿದ ಮುಂದಿನ ಪ್ರಶ್ನೆಯಿಂದಲೇ ನನಗೆ ಗೊತ್ತಾಯಿತು, ಇವರಿಗೆ ಆಟ ಹಿಡಿಯಿತು ಅಂತ: “ಹಾಗಾರೆ ಬ್ಯಾಟನ್ ಎಲ್ಲಿ ಬದಲಾಗ್ತದೆ?”

ಬ್ಯಾಟನ್ ಇಲ್ಲ. ಬರುವ ನಾಯಿಯ ಮೂಗೂ ಹೋಗುವ ನಾಯಿಯ ಮೂಗೂ ಗೆರೆಯ ಮೇಲೆ ಒಂದನ್ನೊಂದು ದಾಟಬೇಕು, ಅಷ್ಟೇ. ಹೋಗುವ ನಾಯಿಯನ್ನು ಗೆರೆಯ ಹತ್ತಿರ ನಿಲ್ಲಿಸಿಕೊಂಡು ಬಿಟ್ಟರೆ ಹೊತ್ತು ನಷ್ಟ. ಅದಕ್ಕೇ ನಲವತ್ತು ಐವತ್ತು ಅಡಿ ಹಿಂದೆ ಹಿಡಿದುಕೊಂಡು, ಬರುವ ನಾಯಿ ಇನ್ನೂ ಹರ್ಡಲುಗಳ ನಡುವೆ ಇರುವಾಗಲೇ ಬಿಡಬೇಕು, ಗೆರೆಗೆ ಬರುವ ಹೊತ್ತಿಗೆ ಅದರ ಓಟ ತುಂಬಿ ಹರಿಯುತ್ತಿರಬೇಕು. ಒಂದು ಚೂರು ಮುಂಚೆ ದಾಟಿದರೆ ತಪ್ಪು. ಖೋ ಕೊಡುವ ಮೊದಲೇ ಎದ್ದ ಹಾಗೆ. ಆ ನಾಯಿ ಸಾಲಿನ ಕೊನೆಯಲ್ಲಿ ಮತ್ತೆ ಓಡಬೇಕು. ಚೆಂಡು ದಾರಿಯಲ್ಲಿ ಬಿಟ್ಟರೂ, ಹರ್ಡಲ್ ತಪ್ಪಿಸಿ ಪಕ್ಕದಲ್ಲಿ ಬಂದರೂ ಅದೇ. ಒಳ್ಳೆಯ ತಂಡಗಳು ಈ ದಾಟುವಿಕೆಯನ್ನು ಅಂಗುಲಗಳ ಲೆಕ್ಕದಲ್ಲಿ ತಿದ್ದುತ್ತವೆ. ಇದನ್ನೆಲ್ಲ ಹೇಳುವಾಗ ಮೇಷ್ಟ್ರ ಕಣ್ಣು ಬೇರೆ ಎಲ್ಲೋ ಇತ್ತು. ಆಮೇಲೆ ಹೇಳಿದರು, ಜಿಲ್ಲಾ ಮಟ್ಟದ ಕೂಟದಲ್ಲಿ ಅವರ ಹುಡುಗರು ಎಷ್ಟೇ ಜೋರಾಗಿ ಓಡಿದರೂ ಬ್ಯಾಟನ್ ಕೊಡುವಲ್ಲೇ ಎರಡು ಸಲ ಸೋತಿದ್ದರಂತೆ.

ಈ ಆಟ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1960ರ ದಶಕದ ಕೊನೆ, 70ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ನಾಯಿ ಪಳಗಿಸುವವರು ಹರ್ಡಲ್ ಓಟದ ತುದಿಯಲ್ಲಿ ಚೆಂಡು ಎಸೆಯುವ ಪೆಟ್ಟಿಗೆಯೊಂದನ್ನು ಇಡುತ್ತಿದ್ದರು. ಹರ್ಬರ್ಟ್ ವ್ಯಾಗ್ನರ್ ಅನ್ನುವವರು ಅದನ್ನು ಜಾನಿ ಕಾರ್ಸನ್ನರ ಟಿವಿ ಕಾರ್ಯಕ್ರಮದಲ್ಲಿ ತೋರಿಸಿದ ಮೇಲೆ ದೇಶವೆಲ್ಲ ನೋಡಿತು. ಆಗಿನ ಪೆಟ್ಟಿಗೆ ಚೆಂಡನ್ನು ಆಕಾಶಕ್ಕೆ ಚಿಮ್ಮಿಸುತ್ತಿತ್ತು. 1983ರಲ್ಲಿ ಮೊದಲ ಪಂದ್ಯಾವಳಿ. ಮರುವರ್ಷ ಉತ್ತರ ಅಮೆರಿಕದ ಫ್ಲೈಬಾಲ್ ಸಂಘ ಕಟ್ಟಿದವರು ಯಾರು ಗೊತ್ತೇ? ಮಿಷಿಗನ್ನಿನವರ ಜೊತೆಗೆ ನಮ್ಮ ಈ ಒಂಟಾರಿಯೊದವರೇ. ಮೇಷ್ಟ್ರಿಗೆ ಇದನ್ನು ಹೇಳುವಾಗ ನನಗೆ ನಮ್ಮೂರಿನ ಮಾತು ಹೇಳಿದಷ್ಟೇ ಹೆಮ್ಮೆಯಾಯಿತು. ಬಂದು ನೆಲೆಸಿದ ಊರಿನ ಆಟವೂ ನಮ್ಮದೇ ಅಲ್ಲವೇ?

ಮಾರನೆಯ ದಿನದಿಂದಲೇ ಪಾಠ ಶುರು ಮಾಡಿದೆವು. ಬೇಲಿಯ ಆಚೆಗೆ ನಾನೇ ಹೋದೆ. ಚೆಂಡು ತಂದಿರಲಿಲ್ಲ, ಬೇಕೆಂತಲೇ. ಫ್ಲೈಬಾಲಿಗೆ ನಾಯಿ ಕರೆತರುವವರು ಹೆಚ್ಚಾಗಿ ಎಡವುವುದು ಇಲ್ಲೇ. ನನ್ನ ನಾಯಿಗೆ ಚೆಂಡೆಂದರೆ ಪ್ರಾಣ, ಇದು ಗೆದ್ದೇ ಗೆಲ್ಲುತ್ತದೆ ಅಂತ ಬರುತ್ತಾರೆ. ಚೆಂಡು ಸಿಕ್ಕಿದ ಮೇಲೆ ಆ ನಾಯಿ ಮಾಡುವುದೇನು? ಚೆಂಡು ಕಚ್ಚಿಕೊಂಡು ಮೈದಾನ ಸುತ್ತು ಹಾಕುತ್ತದೆ, ಮೂಲೆಗೆ ಹೋಗಿ ಕೂತು ಅಗಿಯುತ್ತದೆ. ಅದರ ಆಸೆ ಅಲ್ಲಿಗೆ ತೀರಿತು, ವಾಪಸು ಬರುವುದು ಯಾಕೆ? ಅದಕ್ಕೇ ಅನುಭವಸ್ಥರು ಆಟವನ್ನು ಹಿಂದುಮುಂದು ಮಾಡಿ ಕಲಿಸುತ್ತಾರೆ. ಕೊನೆಯದು ಮೊದಲು. ಮನುಷ್ಯನ ಕಡೆಗೆ ಓಡಿ ಬರುವುದು ಮೊದಲ ಪಾಠ. ಅದಕ್ಕೆ ಒಂದು ಹರ್ಡಲ್ ಸೇರಿಸು, ಎರಡು ಸೇರಿಸು, ನಾಲ್ಕೂ ಆಗಲಿ. ಪೆಟ್ಟಿಗೆಯ ಕಡೆಗೆ ನಾಯಿಯ ಮುಖ ತಿರುಗುವುದು ಅದೆಲ್ಲ ಗಟ್ಟಿಯಾದ ಮೇಲೆ.

ಗುಂಡನ ಎದೆಪಟ್ಟಿ ಹಿಡಿದು ನಾನು ಹಿತ್ತಲಿನ ತುದಿಯಲ್ಲಿ ಕೂತೆ. ಮೇಷ್ಟ್ರು ಅವನ ಮೂಗಿಗೆ ಒಂದು ಬಟ್ಟೆಯ ಜಡೆ ತೋರಿಸಿ, ಅಲ್ಲಾಡಿಸಿ, ತಿರುಗಿ ಹೊರಡಬೇಕು. ಹೊರಟು ದೂರವಾದಂತೆ ನಾಯಿಗೆ ತಡೆಯಲಾಗುವುದಿಲ್ಲ, ಹಿಡಿದವರ ಕೈ ಎಳೆಯುತ್ತದೆ. ಆ ಎಳೆತವೇ ಮುಂದೆ ಓಟವಾಗುವುದು. ಕರೆದಾಗ ಬಿಡಬೇಕು. ಬಂದು ತಲುಪಿದ ಕೂಡಲೇ ಜಡೆಯನ್ನು ಅದರ ಬಾಯಿಗೆ ಕೊಟ್ಟು ಜಗ್ಗಾಟ ಆಡಬೇಕು, ಹಬ್ಬ ಮಾಡಬೇಕು.

ಮೇಷ್ಟ್ರು ಮೊದಲ ಸಲ ಕರೆದದ್ದು ಹಾಜರಿ ಕರೆದ ಹಾಗಿತ್ತು. “ಗುಂಡ! ಬಾ ಇಲ್ಲಿ!” ಗುಂಡನ ಎಳೆತ ಅಲ್ಲೇ ಸಡಿಲವಾಯಿತು. ನಾನು ಕೈಯಲ್ಲೇ ತಿಳಿದೆ.

“ಮೇಷ್ಟ್ರೇ, ಆಜ್ಞೆ ಬೇಡ. ಮೊಮ್ಮಗಳು ಸ್ಕೂಲಿಂದ ಬಂದಾಗ ಹೆಂಗೆ ಕರೀತೀರ ಹಂಗೆ ಕರೀರಿ. ಅವನ ಕಡೆ ಮುಖ ಮಾಡಿ ನಿಲ್ಲಬೇಡಿ, ನಡ್ಕೊಂಡು ಹೋಗ್ತಾ ಇರಿ.”

ಮನುಷ್ಯ ಎದುರಿಗೆ ನೆಟ್ಟಗೆ ನಿಂತು ದಪ್ಪ ದನಿಯಲ್ಲಿ ಕೂಗಿದರೆ ನಾಯಿಗೆ ಅದು ತಡೆ. ಬೆನ್ನು ತಿರುಗಿಸಿ ದೂರ ಹೋಗುವ ಮನುಷ್ಯ, ಅದರಲ್ಲೂ ಸಂತೋಷದ ದನಿ ಇರುವವನು, ನಾಯಿಗೆ ಅಟ್ಟಿಸಿಕೊಂಡು ಹೋಗಬೇಕಾದ ಖುಷಿ. ಮಂಡಿ ಬಗ್ಗದ ಮೇಷ್ಟ್ರು ಬೇರೆ ಏನೂ ಮಾಡಲಿಲ್ಲ, ಮೆಟ್ಟಿಲ ಕಡೆಗೆ ನಿಧಾನ ನಡೆಯುತ್ತಾ, ಮಲೆನಾಡಿನಲ್ಲಿ ಕರು ಕರೆಯುವ ಹಾಗೆ ಎಳೆದು ಕರೆದರು: “ಬಾರೋಽಽ, ಬಾರೋ ಬಾರೋ ಬಾರೋ!” ನಾನು ಬಿಟ್ಟೆ. ಗುಂಡ ಹೋಗಿ ಅವರ ಪಕ್ಕದಲ್ಲಿ ಸುತ್ತಿ ಜಡೆಗೆ ಬಾಯಿ ಹಾಕಿದ. ಮೇಷ್ಟ್ರು ಜಗ್ಗುತ್ತಾ ನಗುತ್ತಾ ನಿಂತದ್ದನ್ನು ನಾನು ಆ ಮನೆಗೆ ಅವರು ಬಂದ ಮೇಲೆ ಮೊದಲ ಸಲ ಕಂಡೆ.

ಆ ಜಡೆ ನನ್ನ ಅಮ್ಮನ ಹಳೆಯ ಹತ್ತಿ ಸೀರೆಯದು. ಕೆಂಚನಿಗಾಗಿ ಹೆಣೆದದ್ದು. ಕೆಂಚ ಹುಟ್ಟಿದ್ದು ಮೈಸೂರಿನ ಬೀದಿಯಲ್ಲಿ. ನಮ್ಮ ಗೇಟಿನ ಪಕ್ಕದ ಮೋರಿಯ ಬದಿಯಲ್ಲಿ ಸಿಕ್ಕ ಮರಿ, ಮಣ್ಣಿನ ಬಣ್ಣ, ನಿಮಿರಿದ ಕಿವಿ, ಕುಡುಗೋಲಿನಂಥ ಬಾಲ. 2019ರಲ್ಲಿ ಈ ದೇಶಕ್ಕೆ ಬರುವಾಗ ಮನೆಯ ನಾಯಿಯೆಂದು ಕಾಗದ ಮಾಡಿಸಿ ಕರೆತಂದೆವು. (ಬೀದಿನಾಯಿಗಳನ್ನು ಇಲ್ಲಿ ದತ್ತು ಕೊಡಲೆಂದು ತರುವ ದಾರಿ ಈಗಿಲ್ಲ. 2022ರ ಸೆಪ್ಟೆಂಬರ್ 28ರಿಂದ, ನಾಯಿಗಳಲ್ಲಿ ರೇಬಿಸ್ ಹೆಚ್ಚಿರುವ ದೇಶಗಳಿಂದ ಮಾರಾಟಕ್ಕೋ ದತ್ತಿಗೋ ನಾಯಿ ತರುವುದನ್ನು ಕೆನಡಾ ನಿಲ್ಲಿಸಿತು. ಭಾರತ ಆ ಪಟ್ಟಿಯಲ್ಲಿದೆ. ರೇಬಿಸಿನ ಭಯ ನ್ಯಾಯವಾದದ್ದೇ, ಆದರೂ ನಮ್ಮ ಬೀದಿಯ ಮರಿಗಳನ್ನು ನೆನೆದರೆ ಮನಸ್ಸು ಕುಗ್ಗುತ್ತದೆ.)

ಕೆಂಚನಿಗೆ ಚೆಂಡಿನಲ್ಲಿ ಏನೇನೂ ಆಸೆಯಿರಲಿಲ್ಲ. ಎಸೆದರೆ ನೋಡುತ್ತಿದ್ದ, ಯಾಕೆ ಎಸೆದೆ ಅನ್ನುವಂತೆ ನನ್ನ ಮುಖ ನೋಡುತ್ತಿದ್ದ. ಅವನಿಗೆ ಬೇಕಾದ್ದು ನಾನು, ಆಮೇಲೆ ಬೇಯಿಸಿದ ಕೋಳಿಯ ತುಂಡು, ಆಮೇಲೆ ಅಮ್ಮನ ಸೀರೆಯ ವಾಸನೆ. ಇಂಥ ನಾಯಿ ಈ ಆಟಕ್ಕೆ ಆಗುವುದಿಲ್ಲ ಅಂತ ನಾನೇ ಬಿಟ್ಟುಬಿಡುವವಳಿದ್ದೆ. ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷದಿಂದ ಆಡಿಸುತ್ತಿರುವ ಒಬ್ಬ ಹೆಂಗಸು ಹೇಳಿದರು, ಚೆಂಡಿನ ಹುಚ್ಚು ಇರುವುದಕ್ಕೆ ಬರುವುದನ್ನು ಕಲಿಸುವುದು ಕಷ್ಟ, ಬರುವ ಹುಚ್ಚು ಇರುವುದಕ್ಕೆ ಚೆಂಡು ಕಲಿಸುವುದು ಸುಲಭ ಅಂತ. ಅವರ ಮಾತು ನಿಜವಾಯಿತು, ಆದರೆ ಎಂಟು ತಿಂಗಳು ಹಿಡಿಯಿತು. ಚೆಂಡನ್ನು ಮೂಗಿನಿಂದ ಮುಟ್ಟಿದರೆ ಕೋಳಿ. ಬಾಯಿ ತೆರೆದರೆ ಕೋಳಿ. ಎತ್ತಿಕೊಂಡರೆ ಕೋಳಿ. ಎತ್ತಿಕೊಂಡು ನನ್ನ ಕಡೆ ಒಂದು ಹೆಜ್ಜೆ ಇಟ್ಟರೆ ಸೀರೆಯ ಜಡೆ.

ಪೆಟ್ಟಿಗೆಯ ಸದ್ದು ಇನ್ನೊಂದು ಬೆಟ್ಟ. ಸ್ಪ್ರಿಂಗು ಬಿಚ್ಚಿದಾಗ ಬರುವ ಆ ಠಪ್ ಶಬ್ದಕ್ಕೆ ಕೆಂಚ ಬಾಲ ಮಡಚಿ ಬಾಗಿಲಿಗೆ ಓಡಿದ್ದ. ದೀಪಾವಳಿಯ ಪಟಾಕಿ ಕಂಡ ಬೀದಿನಾಯಿ ಅದು. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ದೂರದಲ್ಲಿ ಕೂತು, ಯಾರೋ ಮೆಲ್ಲಗೆ ಒತ್ತಿದಾಗೆಲ್ಲ ಅವನಿಗೆ ತಿನ್ನಲು ಕೊಡುತ್ತಾ, ವಾರಕ್ಕೆ ನಾಲ್ಕು ಅಡಿ ಹತ್ತಿರವಾದೆವು. ಕ್ಲಬ್ಬಿನವರು ಒಬ್ಬರೂ ಆತುರ ಮಾಡಲಿಲ್ಲ.

ಆತುರ ಮಾಡಿದವಳು ನಾನು. ಪೆಟ್ಟಿಗೆಯ ಹತ್ತಿರ ನಾಯಿ ತಿರುಗುವ ಬಗೆಯೇ ಈ ಆಟದಲ್ಲಿ ಅತಿ ಜೋಪಾನವಾಗಿ ಕಲಿಸಬೇಕಾದ ವಿದ್ಯೆ. ಕಲಿಯದ ನಾಯಿ ನೇರ ಹೋಗಿ ಎದೆಯಿಂದ ಡಿಕ್ಕಿ ಹೊಡೆಯುತ್ತದೆ, ಮುಂಗಾಲೂ ಭುಜವೂ ಆ ಪೆಟ್ಟು ತಿನ್ನುತ್ತವೆ. ಕಲಿತ ನಾಯಿ ಈಜುಕೊಳದ ಗೋಡೆಗೆ ಕಾಲು ಕೊಟ್ಟು ಹಿಂದಿರುಗುವ ಈಜುಗಾರನಂತೆ ನಾಲ್ಕೂ ಕಾಲನ್ನು ಇಳಿಜಾರಿನ ಮೇಲಿಟ್ಟು, ಓರೆಯಾಗಿ ಹತ್ತಿ, ಹತ್ತುವಾಗಲೇ ಚೆಂಡು ಹಿಡಿದು, ತಳ್ಳಿಕೊಂಡು ವಾಪಸಾಗುತ್ತದೆ. ಇದನ್ನು ಮೊದಲು ಒಂದು ಕೋಲು ನೆಟ್ಟು ಸುತ್ತಿಸಿ ಕಲಿಸುತ್ತಾರೆ. ಆಮೇಲೆ ಗೋಡೆಗೆ ಒರಗಿಸಿದ ಹಲಗೆ, ಹಲಗೆಯ ಮುಂದೆ ಒಂದು ಸಣ್ಣ ಅಡ್ಡ, ಅದನ್ನು ಹಾರಲೇಬೇಕು, ಹಾರಿದರೆ ಕಾಲು ಎತ್ತರಕ್ಕೆ ಬೀಳುತ್ತದೆ. ಚೆಂಡೇ ಇಲ್ಲ ಅಲ್ಲಿ. ತಿರುಗುವುದು ಮೈಗೆ ಕೂತ ಮೇಲೆ ಹಲಗೆಗೆ ಚೆಂಡು ಅಂಟಿಸುತ್ತಾರೆ. ಕೊನೆಗೆ ನಿಜವಾದ ಪೆಟ್ಟಿಗೆ. ಎಡಕ್ಕೆ ತಿರುಗುವ ನಾಯಿ ಯಾವುದು, ಬಲಕ್ಕೆ ತಿರುಗುವುದು ಯಾವುದು ಅಂತಲೂ ಮೊದಲೇ ನೋಡಿಕೊಳ್ಳಬೇಕು. ನಮ್ಮಲ್ಲಿ ಎಡಚರು ಇರುವ ಹಾಗೆ ಅವುಗಳಲ್ಲೂ ಒಲವಿದೆ. ಆಟಿಕೆ ಎಸೆದು, ಎತ್ತಿಕೊಂಡು ಯಾವ ಕಡೆ ತಿರುಗುತ್ತದೆ ನೋಡಿದರೆ ಗೊತ್ತಾಗುತ್ತದೆ.

ಇಷ್ಟು ಗೊತ್ತಿದ್ದೂ ಒಂದು ದಿನ, ಕೆಂಚ ಹಲಗೆಯ ಮೇಲೆ ಚೆನ್ನಾಗಿ ತಿರುಗಿದ ಖುಷಿಯಲ್ಲಿ, ಅಡ್ಡ ತೆಗೆಸಿ ಪೆಟ್ಟಿಗೆಗೆ ಬಿಟ್ಟೆ. ಚೆಂಡು ಕಂಡವನೇ ಕಲಿತದ್ದೆಲ್ಲ ಮರೆತು ನೇರ ನುಗ್ಗಿದ. ಮುಂಗಾಲಿನ ಮಣಿಕಟ್ಟು ಉಳುಕಿತು. ಮೂರು ವಾರ ಕುಂಟಿದ, ಮೂರು ವಾರವೂ ಬಾಗಿಲಲ್ಲಿ ಜಡೆ ಕಚ್ಚಿಕೊಂಡು ಕಾಯುತ್ತಿದ್ದ. ಅವನ ಆ ನಿಲುವು ಈಗಲೂ ನನ್ನ ಕಣ್ಣ ಮುಂದಿದೆ. ಹೊಸದಾಗಿ ನಾಯಿ ತರುವ ಯಾರೇ ಸಿಕ್ಕಲಿ, ನಾನು ಮೊದಲು ಹೇಳುವುದು ಈ ಮೂರು ವಾರದ ಕಥೆಯನ್ನೇ. ಮೇಷ್ಟ್ರಿಗೂ ಹೇಳಿದೆ. ಅವರು ತಲೆಯಾಡಿಸಿ, “ಲಾಂಗ್ ಜಂಪಿಗೆ ಮರಳು ಅಗೆಯದೆ ಹುಡುಗನ್ನ ಬಿಟ್ಟ ಹಾಗೆ” ಅಂದರು.

ಜುಲೈಯ ಹೊತ್ತಿಗೆ ಗುಂಡ ಹಿತ್ತಲಿನಲ್ಲಿ ಎರಡು ಹರ್ಡಲ್ ಹಾರಿ ಮೇಷ್ಟ್ರ ಕಡೆಗೆ ಬರುತ್ತಿದ್ದ. ಹರ್ಡಲ್ ಅಂದರೆ ರಟ್ಟಿನ ಪೆಟ್ಟಿಗೆ ಬಿಡಿಸಿ ಮಾಡಿದ್ದು, ಎರಡು ಪಕ್ಕಕ್ಕೂ ಟೊಮೇಟೊ ಗಿಡಕ್ಕೆ ತಂದ ಬಲೆ ಕಟ್ಟಿದ್ದೆವು, ಪಕ್ಕದಲ್ಲಿ ನುಸುಳಿ ಹೋಗಬಾರದಲ್ಲ. ಅವನ ಉಗುರು ಕತ್ತರಿಸುವುದನ್ನು ಮೇಷ್ಟ್ರು ಕಲಿತರು. ಓಟಕ್ಕೆ ಮೊದಲು ಹೊಟ್ಟೆ ತುಂಬ ಹಾಕಬಾರದು, ಮೈ ಬಿಸಿ ಮಾಡಿಸಬೇಕು, ಮುಗಿದ ಮೇಲೆ ನಡೆಸಿ ತಣಿಸಬೇಕು ಅನ್ನುವುದನ್ನೆಲ್ಲ ನಾನು ಹೇಳುವ ಮೊದಲೇ ಅವರು ಹೇಳಿದರು. ಎಳೆಯ ಮರಿಗಳನ್ನು ಹಾರಿಸಬಾರದು, ಎಲುಬು ಬಲಿಯುವ ತನಕ ನೆಲದ ಮೇಲಿನ ಆಟವಷ್ಟೇ ಅಂದಾಗಲೂ, “ಐದನೇ ಕ್ಲಾಸಿನ ಹುಡುಗ್ರಿಗೆ ಹೈಜಂಪ್ ಬಾರು ಏರಿಸ್ತಾರಾ?” ಅಂದರು. ಆಟದ ಮೇಷ್ಟ್ರಿಗೆ ಆಟ ಹೇಳಿಕೊಡುವುದು ಎಷ್ಟು ಸುಖ!

ಸೆಪ್ಟೆಂಬರಿನಲ್ಲಿ ಅವರಿಬ್ಬರನ್ನೂ ಕ್ಲಬ್ಬಿಗೆ ಕರೆದೊಯ್ದೆ. ಊರ ಹೊರಗಿನ ಹಳೆಯ ಗೋದಾಮು, ನೆಲಕ್ಕೆ ರಬ್ಬರ್ ಚಾಪೆ. ಕಾರಿಳಿಯುವಾಗಲೇ ಕೇಳುತ್ತದೆ ಬೊಗಳು. ಇಪ್ಪತ್ತು ನಾಯಿ ಒಟ್ಟಿಗೆ, ತಗಡಿನ ಸೂರಿನ ಕೆಳಗೆ. ಆ ಬೊಗಳಿನಲ್ಲಿ ಸಿಟ್ಟಿಲ್ಲ, ನನ್ನ ಸರದಿ ಯಾವಾಗ ಅನ್ನುವ ಕೇಳಿಕೆ ಅದು. ಆದರೂ ಎಲ್ಲ ನಾಯಿಗೂ ಅದು ಹಿಡಿಸುವುದಿಲ್ಲ. ಅವತ್ತೇ ಹೊಸದಾಗಿ ಬಂದಿದ್ದ ಒಂದು ಸ್ಪ್ಯಾನಿಯಲ್ ಬಾಗಿಲಲ್ಲೇ ನಡುಗಿತು. ಅದರ ಮನೆಯವರು ಎರಡು ವಾರ ನೋಡಿ, ಇದು ನಮ್ಮವಳಿಗೆ ಬೇಡ ಅಂತ ವಾಪಸು ಹೋದರು. ಅವರು ಮಾಡಿದ್ದು ಸರಿ. ಈಗ ಅವಳು ಮೂಸಿ ಹುಡುಕುವ ಆಟ ಆಡುತ್ತಾಳಂತೆ, ಚೆನ್ನಾಗಿದ್ದಾಳಂತೆ.

ಅವತ್ತು ಮೇಷ್ಟ್ರು ಕೇಳಿದ ಪ್ರಶ್ನೆಗಳಿಗೆ ಕೊನೆಯಿಲ್ಲ. ಹರ್ಡಲ್ ಇಷ್ಟು ಗಿಡ್ಡ ಯಾಕೆ? ಎತ್ತರ ಗೊತ್ತುಮಾಡುವುದು ತಂಡದ ಅತಿ ಗಿಡ್ಡ ನಾಯಿ. ಅದರ ಅಳತೆ ನೋಡಿ ಎಲ್ಲರಿಗೂ ಅದೇ ಎತ್ತರ. ಅದಕ್ಕೇ ಹಲವು ತಂಡಗಳು ಒಂದು ಪುಟ್ಟ ಜ್ಯಾಕ್ ರಸೆಲ್ ಟೆರಿಯರನ್ನು ಮುದ್ದಿನಿಂದ ಸಾಕುತ್ತವೆ. ಅದು ತನ್ನ ಗಿಡ್ಡ ಕಾಲಿನಿಂದಲೇ ದೊಡ್ಡವರ ದಾರಿ ಸಲೀಸು ಮಾಡುತ್ತದೆ. ಜಾತಿ ಬೇಕೇ? ಬೇಡ. ಬಾರ್ಡರ್ ಕಾಲಿ, ವಿಪ್ಪೆಟ್ ಇವೆರಡರ ಬೆರಕೆಗಳು ಗಾಳಿಯಂತೆ ಓಡುತ್ತವೆ ನಿಜ, ಆದರೆ ಬೆರಕೆ ನಾಯಿಗೂ ಬೀದಿನಾಯಿಗೂ ಬಾಗಿಲು ತೆರೆದಿದೆ. ನಮ್ಮ ಮುಧೋಳ ನಾಯಿ ಬಂದಿದ್ದರೆ ಏನಾಗುತ್ತಿತ್ತು ಅಂತ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಿಕೊಂಡೆವು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಆ ಸಪೂರ ಬೇಟೆನಾಯಿಗೆ ಓಟ ಕಲಿಸಬೇಕಿಲ್ಲ. ಆದರೆ ಓಡುವ ಮೊಲವನ್ನು ಕಣ್ಣಲ್ಲಿ ಹಿಡಿದು ಬೆನ್ನಟ್ಟುವ ಕುಲ ಅದು. ಪೆಟ್ಟಿಗೆಯಲ್ಲಿ ಅಲ್ಲಾಡದೆ ಕೂತ ಚೆಂಡು ಅದಕ್ಕೆ ರುಚಿಸುವಂತೆ ಮಾಡುವವರು ಗಟ್ಟಿಗರೇ ಆಗಬೇಕು.

ಮೇಷ್ಟ್ರ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಅಂಕದ ಲೆಕ್ಕ. ತಂಡ 32 ಸೆಕೆಂಡಿನೊಳಗೆ ಮುಗಿಸಿದರೆ ಓಡಿದ ಪ್ರತಿ ನಾಯಿಗೆ 1 ಅಂಕ, 28ರೊಳಗೆ 5, 24ರೊಳಗೆ 25. ವೇಗದ ನಾಯಿಗೆ ಹೆಚ್ಚು, ನಿಧಾನದ್ದಕ್ಕೆ ಕಡಿಮೆ ಅಂತಿಲ್ಲ. ಒಟ್ಟು 20 ಆದರೆ ಮೊದಲ ಬಿರುದು, 100ಕ್ಕೆ, 500ಕ್ಕೆ ಮತ್ತೊಂದು, ಹೀಗೆ ಸಾವಿರಗಟ್ಟಲೆ ತನಕ ಮೆಟ್ಟಿಲು. ಪಂದ್ಯದಲ್ಲೂ ಅಷ್ಟೇ, ತಂಡಗಳನ್ನು ಅವವುಗಳ ವೇಗ ನೋಡಿ ಗುಂಪು ಮಾಡುತ್ತಾರೆ, ಮೂವತ್ತು ಸೆಕೆಂಡಿನ ತಂಡ ಮೂವತ್ತರ ತಂಡದ ಜೊತೆಗೇ ಓಡುತ್ತದೆ. “ನಮ್ಮ ಕೂಟಗಳಲ್ಲಿ ಹಿಂಗೆ ಇದ್ದಿದ್ರೆ ಹಿಂದಿನ ಬೆಂಚಿನ ಎಷ್ಟು ಹುಡುಗ್ರು ಓಡ್ತಿದ್ರು ಮಾರಾಯ್ತಿ” ಅಂದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಗುಂಡನನ್ನು ಓಡಿಸಬೇಕಾದರೆ ಕರೆಯುವವರು ಓಡಬೇಕು. ಗೆರೆಯಾಚೆ ಐವತ್ತು ಅಡಿ ಹಿಂದಕ್ಕೆ ಓಡುತ್ತಾ ಕರೆದರೇ ನಾಯಿ ಗೆರೆ ದಾಟುವ ತನಕ ವೇಗ ಇಳಿಸುವುದಿಲ್ಲ. ಮೇಷ್ಟ್ರ ಮಂಡಿಗೆ ಅದು ಆಗದು. ಹಿತ್ತಲಿನ ಹದಿನೈದು ಅಡಿ ನಡಿಗೆಯಲ್ಲಿ ನಡೆಯಿತು, ಇಲ್ಲಿ ನಡೆಯುವುದಿಲ್ಲ. ನಾನು ಇದನ್ನು ಮೊದಲೇ ಯೋಚಿಸಿರಲಿಲ್ಲ, ಅವರು ಪೆಚ್ಚಾಗುತ್ತಾರೇನೋ ಅಂತ ಹೆದರಿದೆ. ಅಷ್ಟರಲ್ಲಿ ಗೊತ್ತಾಯಿತು, ಪೆಟ್ಟಿಗೆಯ ಹಿಂದೆ ನಿಲ್ಲುವ ಹುಡುಗ ಅವತ್ತು ಬಂದಿರಲಿಲ್ಲ. ಆ ಕೆಲಸ ಹೊರಗಿನವರಿಗೆ ಕಾಣುವುದೇ ಇಲ್ಲ. ಪೆಟ್ಟಿಗೆಯ ಹಿಂದೆ ನೆಟ್ಟಗೆ ನಿಂತು, ಒಂದು ನಾಯಿ ಹೋದ ಕೂಡಲೇ ಸ್ಪ್ರಿಂಗು ಹೂಡಿ, ಮುಂದಿನ ನಾಯಿ ಎಡಕ್ಕೆ ತಿರುಗುವುದೋ ಬಲಕ್ಕೋ ನೆನಪಿಟ್ಟು ಸರಿಯಾದ ತೂತಿಗೆ, ಆ ನಾಯಿಯ ಅಳತೆಯ ಚೆಂಡು ಇಡಬೇಕು. ನಾಲ್ಕೈದು ಸೆಕೆಂಡಿನಲ್ಲಿ. ಇಪ್ಪತ್ತೈದು ಕೆಜಿಯ ನಾಯಿ ಬಾಣದಂತೆ ತನ್ನ ಕಡೆಗೇ ಬರುವಾಗ ಕದಲಬಾರದು. ನಿಂತವರು ಕದಲಿದರೆ ನಾಯಿ ನೋಡುತ್ತದೆ, ಹೆಜ್ಜೆ ತಪ್ಪುತ್ತದೆ. ಓಡುವ ಕೆಲಸವಲ್ಲ ಅದು, ನಿಲ್ಲುವ ಕೆಲಸ.

“ನಾನು ನಿಂತು ನೋಡ್ಲಾ?” ಅಂತ ಮೇಷ್ಟ್ರು ಕನ್ನಡದಲ್ಲಿ ಕೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಚೀಲ ಚೆಂಡು ಕೊಟ್ಟರು. ಮೂವತ್ತು ವರ್ಷ ಗುಂಡೆಸೆತ, ಜಾವೆಲಿನ್‌ಗಳ ಎದುರು ಧ್ವಜ ಹಿಡಿದು ನಿಂತ ಮನುಷ್ಯ, ಕದಲುವುದೆಲ್ಲಿ ಬಂತು? ಸಂಜೆಯ ಹೊತ್ತಿಗೆ ಯಾವ ನಾಯಿ ಯಾವ ಕಡೆ ತಿರುಗುತ್ತದೆ ಅನ್ನುವುದನ್ನು ಅಂಗೈ ಮೇಲೆ ಬರೆದುಕೊಂಡಿದ್ದರು. ಮುಂದಿನ ಭಾನುವಾರ ಬರೆದುಕೊಳ್ಳುವುದೂ ಬೇಕಾಗಲಿಲ್ಲ.

ಹಾಗಾಗಿ ಈಗ ಮೇಷ್ಟ್ರು ಆ ತುದಿಯಲ್ಲಿ ಪೆಟ್ಟಿಗೆಯ ಹಿಂದೆ ಇರುತ್ತಾರೆ, ಈ ತುದಿಯಲ್ಲಿ ಗುಂಡನನ್ನು ಕರೆಯಲು ಬೇರೆ ಯಾರಾದರೂ ಬೇಕು. ನಾನು ಕೆಂಚನನ್ನು ಹಿಡಿದಿರುತ್ತೇನೆ. ಮೊದಲೆರಡು ವಾರ ಆ ಇಪ್ಪತ್ತು ವರ್ಷದ ಅನುಭವಿ ಹೆಂಗಸೇ ಮ್ಯಾಕ್ಸ್ ಮ್ಯಾಕ್ಸ್ ಅಂತ ಕರೆದು ನೋಡಿದರು, ಕಮ್ ಕಮ್ ಅಂದು ನೋಡಿದರು. ಗುಂಡ ಚೆಂಡು ಕಚ್ಚಿಕೊಂಡು ನಡುದಾರಿಯಲ್ಲಿ ನಿಂತು, ಹಿಂದಕ್ಕೆ ಮೇಷ್ಟ್ರ ಕಡೆ ನೋಡುತ್ತಿದ್ದ. ಮೇಷ್ಟ್ರು ಕದಲಲಿಲ್ಲ, ಕರೆಯಲೂ ಇಲ್ಲ. ನಿಲ್ಲುವ ಕೆಲಸದಲ್ಲಿದ್ದವರು ಕರೆಯುವುದುಂಟೇ?

ಮೂರನೆಯ ವಾರ ಆಕೆ ನನ್ನ ಹತ್ತಿರ ಬಂದು, ಅವರು ಮನೆಯಲ್ಲಿ ಏನಂತ ಕರೆಯುತ್ತಾರೆ ಅಂತ ಕೇಳಿದರು. ಹೇಳಿಕೊಟ್ಟೆ. ರಕಾರ ಮೊದಲು ನಾಲಿಗೆಗೆ ಬರಲಿಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ ಇಬ್ಬರೂ ನಿಂತು ಹತ್ತು ಸಲ ಅಂದೆವು. ಒಳಗೆ ಬಂದು ಗುಂಡನ ಸರದಿಗೆ ಆಕೆ ಗೆರೆಯಿಂದ ಹಿಂದಕ್ಕೆ ಓಡುತ್ತಾ, ಅಮ್ಮನ ಸೀರೆಯ ಜಡೆ ಬೀಸುತ್ತಾ, ಗೋದಾಮಿನ ಸೂರು ಹಾರುವಂತೆ ಕರೆದರು: “ಬಾರೋಽಽ! ಬಾರೋ ಬಾರೋ ಬಾರೋ!”

ಗುಂಡ ನಾಲ್ಕೂ ಹರ್ಡಲ್ ಹಾರಿ ಬಂದ. ನನ್ನ ಕೈಯಲ್ಲಿ ಸರದಿ ಕಾಯುತ್ತಿದ್ದ ಕೆಂಚನೂ ಎದ್ದು ನಿಂತು ಎಳೆದ. ಆ ತುದಿಯಲ್ಲಿ ಮೇಷ್ಟ್ರು ಬಗ್ಗಿ, ಮುಂದಿನ ನಾಯಿಗೆ ಬಲಗಡೆಯ ತೂತಿನಲ್ಲಿ ಚೆಂಡು ಇಡುತ್ತಿದ್ದರು.